ಐದನೇ ಕ್ಲಾಸಿನ ಮುತ್ತಿಗೆ

ಮಧ್ಯಾಹ್ನದ ಊಟವಾದ ಮೇಲೆ ತರಬೇತಿ ಇಡಬೇಕೆಂದು ಮೊಟ್ಟಮೊದಲು ಯೋಚಿಸಿದವರು ಯಾರೋ ಗೊತ್ತಿಲ್ಲ. ಅವರಿಗೆ ಮೇಷ್ಟ್ರುಗಳ ಮೇಲೆ ಹಳೆಯ ಹಗೆಯೊಂದು ಇದ್ದಿರಬೇಕು. ಐದನೇ ಕ್ಲಾಸಿನ ಮೇಷ್ಟ್ರು ಆ ದಿನ ಕೊನೆಯ ಸಾಲಿನಲ್ಲಿ, ಕಂಬದ ಮರೆಯ ಕುರ್ಚಿಯಲ್ಲಿ ಕೂತು, ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದರು. ಇಪ್ಪತ್ನಾಲ್ಕು ವರ್ಷದ ಸೇವೆಯಲ್ಲಿ ಅವರಿಗೆ ಪೂರ್ತಿಯಾಗಿ ಕರಗತವಾಗಿದ್ದ ವಿದ್ಯೆ ಅದೊಂದೇ.

ಮುಂದೆ ತರಬೇತಿ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ, "ನಿಮ್ಮ ಕ್ಲಾಸಲ್ಲಿ ಇತಿಹಾಸ ಹೇಗೆ ಹೇಳಿಕೊಡ್ತೀರಿ?" ಎಂದು ಕೇಳುತ್ತಿದ್ದರು. ಒಬ್ಬರು ಚಾರ್ಟು ಅಂದರು. ಇನ್ನೊಬ್ಬರು ಗುಂಪು ಚರ್ಚೆ ಅಂದರು. ಮತ್ತೊಬ್ಬರು ಹಾಡಿನ ಮೂಲಕ ಅಂದು, ಎಲ್ಲಿ ಒಂದು ಹಾಡಿ ಅಂದಾಗ ಗಂಟಲು ಕೆಟ್ಟಿದೆ ಅಂದರು.

ನಮ್ಮ ಮೇಷ್ಟ್ರ ವಿಧಾನ ಸರಳವಾಗಿತ್ತು. ಪಾಠಪುಸ್ತಕ ತೆಗೆಯುವುದು, ಗಟ್ಟಿಯಾಗಿ ಓದುವುದು, "ಇದರ ಕೆಳಗೆ ಗೆರೆ ಹಾಕಿಕೊಳ್ಳಿ" ಅನ್ನುವುದು. ಈ ವಿಧಾನದಿಂದ ಯಾರಿಗೂ ಇತಿಹಾಸ ಬಂದಿರಲಿಲ್ಲ ನಿಜ. ಆದರೆ ಯಾರಿಗೂ ಅಪಾಯವೂ ಆಗಿರಲಿಲ್ಲ.

"ಕಂಬದ ಹಿಂದೆ ಇರೋ ಸಾರ್, ನೀವು ಹೇಳಿ."

ಪಕ್ಕದವರು ತಿವಿದರು. ಮೇಷ್ಟ್ರು ಧಡಕ್ಕನೆ ಎದ್ದರು. ಸೆಕೆಗೆ ಬೀಸಿಕೊಳ್ಳಲೆಂದು ಚೀಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ ಪುಸ್ತಕವೊಂದು ದೊಪ್ಪನೆ ನೆಲಕ್ಕೆ ಬಿತ್ತು. ಮಗಳು ಲೈಬ್ರರಿಗೆ ಕೊಟ್ಟುಬಿಡಿ ಅಂತ ಕೊಟ್ಟು ಮೂರು ವಾರವಾಗಿತ್ತು. ಅಷ್ಟು ದಿನವೂ ಅದು ಚೀಲದಲ್ಲಿ ಸವಾರಿ ಮಾಡುತ್ತಿತ್ತು. ಮೇಡಂ ಬಂದು ಎತ್ತಿಕೊಂಡರು.

"ಮಕ್ಕಳ ಕಾದಂಬರಿ! ಇದು ಯಾಕೆ ತಂದಿದ್ದೀರಿ?"

ಗಾಳಿ ಬೀಸಿಕೊಳ್ಳೋಕೆ ಎಂದು ಹೇಳುವಷ್ಟು ಧೈರ್ಯ ಯಾರಿಗೆ ತಾನೇ ಇರುತ್ತದೆ? ಮೇಷ್ಟ್ರ ಬಾಯಿಂದ, ಅವರನ್ನು ಕೇಳದೆಯೇ, ಮಾತು ಹೊರಟಿತು. "ಇದರಿಂದಾನೇ ಇತಿಹಾಸ ಹೇಳಿಕೊಡೋದು ಮೇಡಂ."

"ಬರೀ ಓದ್ತೀರೋ, ಚಟುವಟಿಕೆನೂ ಮಾಡಿಸ್ತೀರೋ?"

"ಚಟುವಟಿಕೆ ಇಲ್ದೆ ಏನು ಓದೋದು ಮೇಡಂ?"

ಮೇಡಂ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹನ್ನೊಂದು ವರ್ಷದಿಂದ ಅವರು ಊರೂರು ಸುತ್ತಿ, ಕಾದಂಬರಿ ಓದಿಸಿ, ಚಟುವಟಿಕೆ ಮಾಡಿಸಿ ಎಂದು ಗಂಟಲು ಹರಿದುಕೊಂಡಿದ್ದರು. ಒಬ್ಬನೇ ಒಬ್ಬ ಕೇಳಿರಲಿಲ್ಲ. ಎಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸಿ ಅವರು ಹೇಳಿದರು: "ಬರೋ ಗುರುವಾರ ನಿಮ್ಮ ಕ್ಲಾಸು ನೋಡೋಕೆ ಬರ್ತೀನಿ ಸಾರ್."

"ಬನ್ನಿ ಮೇಡಂ," ಎಂದರು ಮೇಷ್ಟ್ರು. ಬೇರೆ ಏನು ಹೇಳಲು ಸಾಧ್ಯವಿತ್ತು?

ಮನೆಯಲ್ಲಿ ಈ ಸುದ್ದಿಗೆ ಚಪ್ಪಾಳೆ ಬೀಳಲಿಲ್ಲ.

"ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಯ್ತು," ಎಂದರು ಹೆಂಡತಿ. "ಸುಮ್ಮನೆ ಚಾರ್ಟು ಅನ್ನೋಕೆ ಏನಾಗಿತ್ತು ರೀ?"

"ಚಾರ್ಟು ಆಗಲೇ ಒಬ್ಬರು ಹೇಳಿಬಿಟ್ಟಿದ್ರು."

"ಆ ಪುಸ್ತಕ ನೀವು ಓದಿದ್ದೀರಾ ಅಪ್ಪ?" ಎಂದಳು ಹೈಸ್ಕೂಲಿನ ಮಗಳು.

"ಹೊದಿಕೆ ಓದಿದ್ದೀನಿ."

ಭಾನುವಾರ ಬೆಳಗ್ಗೆ ಮೇಷ್ಟ್ರು, ಹಲ್ಲು ಕೀಳಿಸಿಕೊಳ್ಳಲು ಹೋಗುವವರ ಮುಖ ಮಾಡಿಕೊಂಡು, ಪುಸ್ತಕ ಬಿಚ್ಚಿದರು. ಕೋಟೆಗೋಡೆಯೊಳಗಿನ ಒಂದು ಊರು. ಗೋಡೆಯ ಹೊರಗೆ ಶತ್ರು ಸೈನ್ಯ. ಹೊರಗಿನಿಂದ ಬರುವ ಕಾಲುವೆಯನ್ನು ಅವರು ಮುಚ್ಚಿಬಿಟ್ಟಿದ್ದಾರೆ. ಒಳಗಿರುವುದು ಒಂದೇ ಕೊಳ. ನೀರು ಹೊರುವವನ ಹನ್ನೊಂದು ವರ್ಷದ ಮಗಳು ಮನೆಮನೆಗೂ ನೀರು ಹೊತ್ತುಕೊಂಡು ಹೋಗುತ್ತಾಳೆ. ಹೆಂಡತಿ ಊಟಕ್ಕೆ ಮೂರು ಸಲ ಕರೆದರು. ಮೇಷ್ಟ್ರು ಮೂರು ಸಲವೂ "ಬಂದೆ" ಅಂದರು; ಬರಲಿಲ್ಲ. ಕೊನೆಗೆ ಮಗಳು ತಟ್ಟೆಯನ್ನೇ ತಂದು ಪಕ್ಕದಲ್ಲಿಟ್ಟಳು. ಅವರು ಪುಟ ತಿರುಗಿಸುವ ಕೈಯಿಂದಲೇ ಉಂಡರು. ಲೈಬ್ರರಿಯವರು ಅದನ್ನು ಇವತ್ತಿಗೂ ಮರೆತಿಲ್ಲ.

ಸೋಮವಾರ ಕ್ಲಾಸಿನಲ್ಲಿ ಓದತೊಡಗಿದಾಗ ವಿಚಿತ್ರವೊಂದು ನಡೆಯಿತು. ಮೂವತ್ತೆಂಟು ಮಕ್ಕಳೂ ಸುಮ್ಮನಾದರು. ಮೇಷ್ಟ್ರಿಗೆ ಭಯವೇ ಆಯಿತು. ಕಾರಿಡಾರಿನಲ್ಲಿ ಹೋಗುತ್ತಿದ್ದ ಹೆಡ್‌ಮಿಸ್ಸು ಬಾಗಿಲಲ್ಲಿ ಇಣುಕಿ, "ಎಲ್ಲರೂ ಹುಷಾರಾಗಿದ್ದಾರೆ ತಾನೇ?" ಎಂದು ಕೇಳಿ ಹೋದರು.

ಬುಧವಾರ ಚಟುವಟಿಕೆ. ಅದು ಮಗಳ ಸಲಹೆ: ಕೋಟೆಯೊಳಗಿನ ಜನರಿಗೆ ಒಂದೊಂದು ಪ್ರಕಟಣೆ ಬರೆಯಬೇಕು. ಕಾಗದ ಹಳೆಯದಾಗಿ ಕಾಣಲೆಂದು ಮಕ್ಕಳು ಅದನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ ತಂದಿದ್ದರು. ಮೊದಲ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಬರವಣಿಗೆ ನೋಡಿ ಅಚ್ಚುಮೊಳೆಗಳೂ ನಾಚಬೇಕು; ಅದಕ್ಕೇ ಅವಳಿಗೆ ಮುತ್ತಕ್ಷರ ಎಂದೇ ಹೆಸರು. ಅವಳು ಬರೆದಿದ್ದಳು: "ಮಹಾಪ್ರಭುಗಳ ಅಪ್ಪಣೆ. ಇಂದಿನಿಂದ ಮೂರು ದಿನ ನೀರು ಬರುವುದಿಲ್ಲ. ಕಾಲುವೆ ಮುಚ್ಚಲಾಗಿದೆ. ಎಲ್ಲರೂ ಪಾತ್ರೆಗಳಲ್ಲಿ ನೀರು ತುಂಬಿಟ್ಟುಕೊಳ್ಳತಕ್ಕದ್ದು."

ಮೇಷ್ಟ್ರಿಗೆ ಕೆಂಪು ಪೆನ್ನು ಕೈಗೆ ಬಂದರೆ ಏನಾದರೊಂದು ತಿದ್ದದೆ ಸಮಾಧಾನವಿಲ್ಲ. "ಮಹಾಪ್ರಭುಗಳು ಅಂತೆಲ್ಲ ಹಳೇ ಮಾತು ಯಾಕಮ್ಮ? ಸರಿಯಾದ ಭಾಷೇಲಿ ಬರಿ," ಎಂದು ಅದನ್ನು "ಮೇಲಧಿಕಾರಿಗಳ ಆದೇಶದ ಮೇರೆಗೆ" ಎಂದು ತಿದ್ದಿ, ಡಿಕಾಕ್ಷನ್‌ನಲ್ಲಿ ಅದ್ದಿದ ಇನ್ನೊಂದು ಕಾಗದದಲ್ಲಿ ನಕಲು ಮಾಡಿಸಿದರು. ಕೆಳಗೆ 7/10 ಎಂದು ಅಂಕ ಕೊಟ್ಟರು. ಎಷ್ಟೇ ಚೆನ್ನಾಗಿ ಬರೆದರೂ ಅವರು ಏಳರ ಮೇಲೆ ಕೊಡುತ್ತಿರಲಿಲ್ಲ. ಎಂಟು ಕೊಟ್ಟರೆ ಮಕ್ಕಳು ಕೆಟ್ಟುಹೋಗುತ್ತಾರೆ ಎಂಬುದು ಅವರ ನಂಬಿಕೆ. ಅಂಕದ ಪಕ್ಕದಲ್ಲಿ ರುಜು ಹಾಕಿದರು. ಹೊರಗಿನವರು ನೋಡಲು ಬರುವ ಕಾಗದಕ್ಕೆಲ್ಲ ಮೊಹರು ಬೀಳಬೇಕೆಂದು ಹೆಡ್‌ಮಿಸ್ಸು ಕಟ್ಟಪ್ಪಣೆ ಮಾಡಿದ್ದರಿಂದ, ಶಾಲೆಯ ದುಂಡು ಮೊಹರನ್ನೂ ಒತ್ತಿದರು. ಮೊಹರು ಹಳೆಯದು, ಶಾಯಿ ಜಾಸ್ತಿಯಾಗಿತ್ತು. ಶಾಲೆಯ ಹೆಸರು ಕಲಸಿಹೋಗಿ ದುಂಡಗಿರುವುದೊಂದೇ ಕಾಣುತ್ತಿತ್ತು.

ಮೂವತ್ತೇಳು ಪ್ರಕಟಣೆಗಳಿಗೆ ಕ್ಲಾಸಿನ ಗೋಡೆ ಮುಗಿಯಿತು. ಮುತ್ತಕ್ಷರದ್ದು ಉಳಿಯಿತು.

"ಮೇಷ್ಟ್ರೇ, ಆ ಕಾಲದಲ್ಲಿ ಇದನ್ನ ಎಲ್ಲಿ ಅಂಟಿಸ್ತಿದ್ರು?"

"ನೀರಿನ ಹತ್ತಿರ. ಜನ ಸೇರೋ ಕಡೆ," ಎಂದರು ಮೇಷ್ಟ್ರು, ಕಳೆದುಹೋದ ಕನ್ನಡಕದ ಡಬ್ಬಿ ಹುಡುಕುತ್ತಾ.

"ನಾನೂ ಅಂಟಿಸಲಾ?"

"ಹೂಂ ಹೂಂ, ಅಂಟಿಸಮ್ಮ."

ಮುತ್ತಕ್ಷರ ಹೇಳಿದ ಮಾತು ಕೇಳುವ ಹುಡುಗಿ. ಶಾಲೆ ಬಿಟ್ಟೊಡನೆ ಹೋಗಿ, ಮೇಷ್ಟ್ರ ಬೀದಿಯ ತುದಿಯಲ್ಲಿರುವ ಸಾರ್ವಜನಿಕ ನಲ್ಲಿಯ ಮೇಲಿನ ಗೋಡೆಗೆ ಅಂಟಿಸಿ ಮನೆಗೆ ಹೋದಳು.

ಆ ಸಂಜೆ ಮೇಷ್ಟ್ರು ಶಾಲೆಯಲ್ಲೇ ಉಳಿದು, ಮರುದಿನ ಬರುವ ಮೇಡಂಗಾಗಿ ನೆಲ ಒರೆಸಿ, ಬೆಂಚು ಜೋಡಿಸಿ, ಸೊಂಟ ಹಿಡಿದುಕೊಂಡು ಮನೆಗೆ ಹೊರಟರು. ಬೀದಿಗೆ ತಿರುಗಿದರೆ ಜಾತ್ರೆ. ಬಕೆಟ್ಟು, ಕೊಡ, ಡ್ರಮ್ಮು, ಮಗುವಿನ ಸ್ನಾನದ ತೊಟ್ಟಿ. ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಎರಡು ಕೈಯಲ್ಲೂ ಹೂಜಿ ಹಿಡಿದು ಎದುರಾದರು.

"ಏನು ಸಾರ್ ನಿಧಾನಕ್ಕೆ ಬರ್ತಿದ್ದೀರಿ? ನೀರು ನಿಲ್ತಂತೆ! ಮೂರು ದಿನ!"

"ಯಾಕಂತೆ?"

"ಕಾಲುವೆ ಮುಚ್ಚಿದ್ದಾರಂತೆ."

"ಹೌದಾ?" ಎಂದರು ಮೇಷ್ಟ್ರು ಆಶ್ಚರ್ಯದಿಂದ. "ನಾನು ಓದ್ತಿರೋ ಪುಸ್ತಕದಲ್ಲೂ ಹಾಗೇ ಆಗತ್ತೆ."

"ಪುಸ್ತಕ ಹಾಳಾಗ್ಲಿ ಸಾರ್, ಇದು ಇಲಾಖೆ ಆದೇಶ. ನಾನೇ ಕಣ್ಣಾರೆ ನೋಡಿದೆ. ರುಜು ಇದೆ, ಮೊಹರು ಇದೆ. ಕಾಗದ ಕಂದು ಬಣ್ಣಕ್ಕೆ ತಿರುಗಿದೆ; ಅಂದ್ರೆ ಆದೇಶ ಹೊರಟು ಎಷ್ಟೋ ದಿನ ಆಗಿದೆ, ಇವತ್ತು ತಂದು ಅಂಟಿಸಿದ್ದಾರೆ. ಮೂವತ್ತು ವರ್ಷ ಆಫೀಸಲ್ಲಿದ್ದವನಿಗೆ ಇದೆಲ್ಲ ಹೇಳಿಕೊಡಬೇಕಾ? ಇನ್ನೊಂದು ಗುಟ್ಟು. ಮೇಲೆ ಮೂರು ದಿನ ಅಂತಿದೆ, ಕೆಳಗೆ ಕೆಂಪು ಶಾಯೀಲಿ ಏಳು ಬಾರ್ ಹತ್ತು ಅಂತಿದೆ. ಹತ್ತನೇ ತಿಂಗಳು ಏಳನೇ ತಾರೀಖು! ಇವತ್ತಿನ್ನೂ ಸೆಪ್ಟೆಂಬರ್ ಇಪ್ಪತ್ತೆಂಟು. ಲೆಕ್ಕ ಹಾಕಿ."

ಗುಮಾಸ್ತರ ಗುಟ್ಟು ಎಂಬುದು ಬೀದಿಯ ಮೈಕು. ಮೂರು ದಿನ ಒಂಬತ್ತು ದಿನವಾಯಿತು. ಮುಂದಿನ ಬೀದಿಗೆ ಹೋಗುವಷ್ಟರಲ್ಲಿ ಕಾಲುವೆ ಮುಚ್ಚಿದ್ದಲ್ಲ, ಒಡೆದದ್ದು ಎಂದಾಯಿತು. ಅದರ ಮುಂದಿನ ಬೀದಿಯಲ್ಲಿ ನೀರಿಗೆ ಯಾರೋ ಏನೋ ಬೆರೆಸಿದ್ದಾರೆ ಎಂದಾಯಿತು. ಬೆರೆಸಿದ್ದಾರೆಂದು ಗೊತ್ತಾದ ಮೇಲೂ ಅಲ್ಲಿಯವರು ಅದನ್ನೇ ತುಂಬಿಸಿಟ್ಟುಕೊಂಡರು.

ಅಷ್ಟರಲ್ಲಿ ನಾಲ್ಕಾರು ಜನ ಮೇಷ್ಟ್ರನ್ನು ಸುತ್ತುವರಿದರು. "ನೀವು ಓದಿದವರು, ನೀವೇನು ಹೇಳ್ತೀರಿ ಮೇಷ್ಟ್ರೇ?"

ಒಂದು ಮಾತು, ಒಂದೇ ಒಂದು ಮಾತು, "ಹೋಗಿ ಆ ಕಾಗದ ನೋಡಿ ಬರ್ತೀನಿ" ಎಂದಿದ್ದರೆ ಸಾಕಿತ್ತು. ಆದರೆ ನಲ್ಲಿ ಬೀದಿಯ ಆ ತುದಿಯಲ್ಲಿತ್ತು, ಮೇಷ್ಟ್ರ ಮನೆ ಈ ತುದಿಯಲ್ಲಿತ್ತು, ಸೊಂಟ ಎರಡೂ ತುದಿಯನ್ನು ಒಪ್ಪುತ್ತಿರಲಿಲ್ಲ. ಅದಲ್ಲದೆ, ಇತಿಹಾಸದ ಬಗ್ಗೆ ಅವರನ್ನು ದೊಡ್ಡವರು ಪ್ರಶ್ನೆ ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಅವರು ಗಂಟಲು ಸರಿಮಾಡಿಕೊಂಡರು.

"ನೋಡಿ, ಇತಿಹಾಸ ಏನು ಹೇಳತ್ತೆ? ಮುತ್ತಿಗೆ ಬಿದ್ದ ಊರಲ್ಲಿ ಯಾರು ಮೊದಲು ತುಂಬಿಟ್ಟುಕೊಂಡರೋ ಅವರೇ ಬದುಕಿದರು. ಮುಂಜಾಗ್ರತೆ ಮುಖ್ಯ."

ಈ ಉಪನ್ಯಾಸಕ್ಕೆ ಮೊದಲು ಬಕೆಟ್ಟು ತುಂಬುತ್ತಿದ್ದವರು ಈಗ ಲೋಟ, ಚಮಚ ಬಿಟ್ಟು ಮಿಕ್ಕದ್ದೆಲ್ಲ ತುಂಬಿಸಿದರು.

ಮೇಷ್ಟ್ರ ಮನೆಯಲ್ಲಿ ಅಡುಗೆ ಪಾತ್ರೆಗಳೆಲ್ಲ ತುಂಬಿ, ಅಡುಗೆ ಮಾಡಲು ಪಾತ್ರೆ ಇರಲಿಲ್ಲ. ಎಂಬತ್ತು ದಾಟಿದ ಅತ್ತೆ ಬಚ್ಚಲಿಂದ ಹೊರಗೆ ಬರುತ್ತಿರಲಿಲ್ಲ.

"ಅಮ್ಮ, ಎಷ್ಟು ಹೊತ್ತು?" ಎಂದು ಹೆಂಡತಿ ಬಾಗಿಲು ಬಡಿದರು.

"ಮೂರು ದಿನದ ಸ್ನಾನ ಇವತ್ತೇ ಮುಗಿಸ್ತಿದ್ದೀನಿ ಕಣೇ. ಇದು ಶುಕ್ರವಾರದ್ದು."

ಮೇಷ್ಟ್ರು ಹಿತ್ತಲಿನ ನಲ್ಲಿಯಿಂದ ಹದಿನೇಳು ಬಕೆಟ್ಟು ಹೊತ್ತರು. ಹದಿನೆಂಟನೆಯದಕ್ಕೆ ನಲ್ಲಿ ಉಸ್ಸೆಂದಿತು, ಗೊರಗೊರ ಎಂದಿತು, ನಿಂತಿತು.

"ನೋಡಿದ್ರಾ?" ಎಂದರು ಗೋಡೆಯಾಚೆಯಿಂದ ಗುಮಾಸ್ತರು, ಗೆದ್ದವರ ದನಿಯಲ್ಲಿ. "ಇಲಾಖೆಯವರು ಜೀವನದಲ್ಲಿ ಒಂದು ಸಲ ನಿಜ ಹೇಳಿದ್ರು!"

ಗುರುವಾರ ಬೆಳಗ್ಗೆ ಶಾಲೆಯಲ್ಲೂ ನೀರಿಲ್ಲ. ಹಿಂದಿನ ದಿನದ ಭಾರಕ್ಕೆ ಮೇಷ್ಟ್ರು ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಗ್ಗಿಕೊಂಡೇ ಕ್ಲಾಸಿಗೆ ಬಂದರು. ತರಬೇತಿ ಮೇಡಂ ಆಗಲೇ ಹಿಂದಿನ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು, ನೋಟ್‌ಬುಕ್ ತೆರೆದಿದ್ದರು. ಮೇಷ್ಟ್ರು ಇನ್ನೇನು ಓದಬೇಕು, ಬಾಗಿಲಲ್ಲಿ ಹೆಡ್‌ಮಿಸ್ಸು. ಅವರ ಹಿಂದೆ, ಕಣ್ಣು ಕೆಂಪಾಗಿ ಗಡ್ಡ ಬೋಳಿಸದ ಒಬ್ಬ ಮನುಷ್ಯ, ಕೈಯಲ್ಲಿ ಪ್ಲಾಸ್ಟಿಕ್ ಫೈಲು.

"ಇವರು ನೀರು ಸರಬರಾಜು ಇಲಾಖೆ ಇಂಜಿನಿಯರು," ಎಂದರು ಹೆಡ್‌ಮಿಸ್ಸು. ಅವರ ದನಿ ಎಲ್ಲೋ ಬಾವಿಯಿಂದ ಬಂದ ಹಾಗಿತ್ತು.

ಇಂಜಿನಿಯರು ಫೈಲಿನಿಂದ ಕಂದು ಕಾಗದವೊಂದನ್ನು ತೆಗೆದು ಎತ್ತಿ ಹಿಡಿದರು. "ಬೆಳಗ್ಗೆಯಿಂದ ಈ ಮೊಹರು ಯಾರದು ಅಂತ ಭೂತಗನ್ನಡಿ ಹಿಡಿದು ಹುಡುಕಿದ್ದೀವಿ. ಇದು ನಿಮ್ಮ ರುಜುನಾ?"

ಮೇಷ್ಟ್ರು ನೋಡಿದರು. ತಮ್ಮ ಕೆಂಪು ಶಾಯಿ. ತಮ್ಮ ಮೊಹರು. ತಾವೇ ತಿದ್ದಿಸಿದ "ಮೇಲಧಿಕಾರಿಗಳ ಆದೇಶದ ಮೇರೆಗೆ". ಹದಿನೇಳು ಬಕೆಟ್ಟೂ ಒಂದೇ ಸಲ ಸೊಂಟದ ಮೇಲೆ ಕೂತವು.

"ಹೌದು, ನನ್ನದೇ."

"ಇಲಾಖೆ ಹೆಸರಲ್ಲಿ ಆದೇಶ ಹೊರಡಿಸೋಕೆ ನೀವ್ಯಾರು?"

"ನಾನು ಆದೇಶ ಹೊರಡಿಸಿಲ್ಲ ಸಾರ್. ಮಾರ್ಕ್ಸ್ ಕೊಟ್ಟಿದ್ದೀನಿ. ಹತ್ತಕ್ಕೆ ಏಳು."

ಇಂಜಿನಿಯರು ಕಾಗದ ನೋಡಿದರು, ಮೇಷ್ಟ್ರನ್ನು ನೋಡಿದರು, ಮತ್ತೆ ಕಾಗದ ನೋಡಿದರು. "ನಿನ್ನೆಯಿಂದ ನಾನ್ನೂರು ಫೋನು ಬಂದಿದೆ. ಏಳನೇ ತಾರೀಖಿನವರೆಗೆ ಯಾಕೆ ನೀರಿಲ್ಲ ಅಂತ ನಮ್ಮ ಮೇಲಿನವರು ನನಗೇ ನೋಟಿಸ್ ಕೊಟ್ಟಿದ್ದಾರೆ. ನನ್ನ ಹೆಂಡತಿ ಕೂಡ ನನ್ನ ಮಾತು ಬಿಟ್ಟು ಈ ಕಾಗದ ನಂಬಿದ್ದಾಳೆ! ಇದನ್ನ ಬರೆದಿದ್ದು ಯಾವ ಮಗು? ಎದ್ದು ನಿಲ್ಲಲಿ. ಅಪ್ಪ ಅಮ್ಮನ್ನ ಕರೆಸಬೇಕು."

ಮೊದಲ ಬೆಂಚಿನಲ್ಲಿ ಮುತ್ತಕ್ಷರದ ಮುಖ ಬಿಳಿಚಿಕೊಂಡಿತು. ಕೈ ಬೆರಳುಗಳು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದವು. ಮೇಷ್ಟ್ರು ಅದನ್ನು ನೋಡಿದರು. ಅವರು ಧೈರ್ಯಸ್ಥರಲ್ಲ, ಹಲ್ಲಿಗೆ ದಾರಿ ಬಿಟ್ಟು ನಡೆಯುವ ಜನ. ಆದರೂ ಎರಡು ಹೆಜ್ಜೆ ಸರಿದು ಆ ಬೆಂಚಿಗೆ ಅಡ್ಡ ನಿಂತರು.

"ಬರೆದಿದ್ದು ಯಾರೇ ಆಗಲಿ, ಬರೆಸಿದ್ದು ನಾನು. ತಿದ್ದಿದ್ದು ನಾನು. ಅಂಟಿಸು ಅಂದಿದ್ದು ನಾನು. ನೋಟಿಸು ನನ್ನ ಹೆಸರಿಗೆ ಬರೀರಿ ಸಾರ್. ಮಕ್ಕಳನ್ನ ಎಳೀಬೇಡಿ."

ಹಿಂದಿನ ಬೆಂಚಿನಿಂದ ಚಪ್ಪಾಳೆ ಕೇಳಿಸಿತು.

"ಅದ್ಭುತ!" ಎಂದರು ತರಬೇತಿ ಮೇಡಂ. "ಇಡೀ ಊರನ್ನೇ ಚಟುವಟಿಕೆಗೆ ಸೇರಿಸಿಕೊಂಡಿದ್ದೀರಿ! ಇಂಜಿನಿಯರ್ ಪಾತ್ರಕ್ಕೆ ಬಂದವರಂತೂ ನಿಜವಾದ ಇಂಜಿನಿಯರ್ ಹಾಗೇ ಇದ್ದಾರೆ!"

"ಮೇಡಂ, ನಾನು ನಿಜವಾದ ಇಂಜಿನಿಯರೇ!"

"ನೋಡಿ, ಎಷ್ಟು ಸಹಜ!" ಮೇಡಂ ಬರೆದುಕೊಂಡರು.

ಇಂಜಿನಿಯರಿಗೆ ಅಳಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಸಿಟ್ಟಿಗೆ ಮೇಜಿನ ಮೇಲಿನ ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿನ ಮೇಲೆ ಒಂದು ದೊಡ್ಡ ಟ್ಯಾಂಕು ಬರೆದರು. "ಇದು ನಮ್ಮ ಟ್ಯಾಂಕು. ನಿನ್ನೆ ಸಂಜೆ ಪೂರ್ತಿ ತುಂಬಿತ್ತು. ಎರಡು ದಿನಕ್ಕೆ ಎಲ್ಲ ಮನೆಗೂ ಸಾಕಾಗೋ ನೀರು. ಯಾವ ಪೈಪೂ ಒಡೆದಿಲ್ಲ, ಯಾವ ಕಾಲುವೆನೂ ಮುಚ್ಚಿಲ್ಲ. ನಾಲ್ಕು ಗಂಟೇಲಿ ಖಾಲಿ! ನಾಲ್ಕೇ ಗಂಟೆ! ಇವತ್ತು ಪೂರ್ತಿ ಪಂಪ್ ಹಾಕಿದ್ರೂ ಅರ್ಧ ತುಂಬಲ್ಲ."

"ಆ ನೀರೆಲ್ಲ ಎಲ್ಲಿಗೆ ಹೋಯ್ತು ಸಾರ್?" ಎಂದು ಕಿಟಕಿ ಪಕ್ಕದ ಒಂದು ಮಗು ಕೇಳಿತು.

"ಎಲ್ಲಿಗೆ ಹೋಗತ್ತೆ? ನಿಮ್ಮ ನಿಮ್ಮ ಮನೆಗೆ!"

ಮಕ್ಕಳು ಬಿಡಲಿಲ್ಲ. ಪಂಪು ಎಲ್ಲಿದೆ, ಟ್ಯಾಂಕು ಎಷ್ಟೆತ್ತರ, ಒಳಗೆ ಮೀನಿದೆಯಾ, ಮೊದಲು ಯಾವ ಬೀದಿಗೆ ನೀರು ಬರತ್ತೆ. ನೋಟಿಸು ಕೊಡಲು ಬಂದ ಇಂಜಿನಿಯರು ಮುಕ್ಕಾಲು ಗಂಟೆ ಪಾಠ ಮಾಡಿದರು. ಹದಿನಾರು ವರ್ಷದ ನೌಕರಿಯಲ್ಲಿ ಅವರ ಟ್ಯಾಂಕಿನ ಬಗ್ಗೆ ಯಾರೂ ಪ್ರೀತಿಯಿಂದ ಒಂದು ಮಾತು ಕೇಳಿರಲಿಲ್ಲ. ಹೊರಡುವಾಗ ಅವರ ದನಿ ಸ್ವಲ್ಪ ಮೆತ್ತಗಾಗಿತ್ತು. ಆದರೂ ನೋಟಿಸನ್ನು ಮೇಷ್ಟ್ರ ಕೈಗೆ ಕೊಟ್ಟೇ ಹೋದರು.

ಅಂದು ಮಧ್ಯಾಹ್ನ ಇಲಾಖೆಯವರು ಬೀದಿಬೀದಿಗೂ ಮೈಕು ಕಳಿಸಿ, ಆ ಪ್ರಕಟಣೆ ಸುಳ್ಳು, ಯಾರೂ ಹೆದರಬೇಡಿ ಎಂದು ಸಾರಿಸಿದರು. ಒಬ್ಬರೂ ನಂಬಲಿಲ್ಲ. "ಮುಚ್ಚಿ ಹಾಕ್ತಿದ್ದಾರೆ," ಎಂದರು ಗುಮಾಸ್ತರು. ಎಲ್ಲರೂ ತುಂಬಿಟ್ಟ ನೀರನ್ನು ಕುಡಿಯದೆ, ಬಳಸದೆ ಕಾವಲು ಕೂತರು.

ಎರಡೇ ದಿನದಲ್ಲಿ ಮೇಷ್ಟ್ರಿಗೆ ಎರಡು ಕಾಗದ ಬಂದವು. ಒಂದು ಹೊಗಳಿಕೆಯ ಪತ್ರ: ಇವರ ವಿಧಾನವನ್ನು ಎಲ್ಲ ಶಾಲೆಗಳೂ ಅನುಸರಿಸಬೇಕು. ಇನ್ನೊಂದು, ಇಂಥ ವಿಧಾನವನ್ನು ಯಾವ ಶಾಲೆಯೂ ಅನುಸರಿಸದಂತೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಕಾರಣ ಕೇಳುವ ಪತ್ರ. ಹೆಡ್‌ಮಿಸ್ಸು ಎರಡನ್ನೂ ಒಂದೇ ಫೈಲಿನಲ್ಲಿಟ್ಟು ಅವರನ್ನು ಕರೆದರು.

"ಮೇಷ್ಟ್ರೇ, ನಿಮಗೂ ವಯಸ್ಸಾಯ್ತು, ನನಗೂ ವಯಸ್ಸಾಯ್ತು. ಇನ್ಮೇಲೆ ಪಾಠಪುಸ್ತಕ ಬಿಟ್ಟು ಒಂದಕ್ಷರ ಬೇರೆ ಓದಬೇಡಿ. ನನ್ನಾಣೆ."

"ಓದಲ್ಲ," ಎಂದರು ಮೇಷ್ಟ್ರು. ಒಳಗೊಳಗೇ ಅವರಿಗೆ ನೆಮ್ಮದಿಯೇ ಆಯಿತು. ಸೊಂಟವೂ ಹೂಂ ಎಂದಿತು.

ಸೋಮವಾರ ಇತಿಹಾಸದ ಪೀರಿಯಡ್ಡಿಗೆ ಅವರು ಪಾಠಪುಸ್ತಕ ತೆಗೆದರು. ಮೂವತ್ತೆಂಟು ಮುಖಗಳು ಇಳಿದವು. ಕಾದಂಬರಿಯಲ್ಲಿ ನೂರ ನಲವತ್ತು ಪುಟ ಹಿಡಿದಿದ್ದ ಆ ಮುತ್ತಿಗೆಗೆ ಪಾಠಪುಸ್ತಕದಲ್ಲಿ ಎರಡೇ ವಾಕ್ಯ. ಮೇಷ್ಟ್ರು ಯಾವ ಏರಿಳಿತವೂ ಇಲ್ಲದ ದನಿಯಲ್ಲಿ ಓದಿದರು. "'ಶತ್ರುಗಳು ಕಾಲುವೆಯನ್ನು ಮುಚ್ಚಿದರು. ಊರಿನ ನೀರೆಲ್ಲ ಮುಗಿದುದರಿಂದ ಜನರು ನಾಲ್ಕನೆಯ ದಿನ ಶರಣಾದರು.' ಗೆರೆ ಹಾಕಿಕೊಳ್ಳಿ."

ಯಾರೂ ಗೆರೆ ಹಾಕಲಿಲ್ಲ. ಮುತ್ತಕ್ಷರ ಎದ್ದು ನಿಂತಳು.

"ಮೇಷ್ಟ್ರೇ, ನೀರು ಮುಗಿದಿರಲಿಲ್ಲ."

"ಪುಸ್ತಕದಲ್ಲಿ ಹಾಗೇ ಇದೆಯಲ್ಲಮ್ಮ."

"ಪುಸ್ತಕ ಬರೆದವರು ಕೊಳ ಮಾತ್ರ ನೋಡಿರ್ತಾರೆ ಮೇಷ್ಟ್ರೇ. ಮನೆಗಳ ಒಳಗೆ ಹೋಗಿ ನೋಡಿರಲ್ಲ."

ಇಪ್ಪತ್ನಾಲ್ಕು ವರ್ಷ, ಇಪ್ಪತ್ನಾಲ್ಕು ತಂಡದ ಮಕ್ಕಳಿಗೆ ಮೇಷ್ಟ್ರು ಈ ವಾಕ್ಯ ಓದಿದ್ದರು. ಇದರ ಕೆಳಗೆ ಸಾವಿರ ಗೆರೆ ಹಾಕಿಸಿದ್ದರು. ಆ ಊರಿನಲ್ಲಿ ಮನೆಗಳಿದ್ದವು ಎಂಬುದು ಅವರಿಗೆ ಒಂದು ಸಲವೂ ಹೊಳೆದಿರಲಿಲ್ಲ.

ಬಾಗಿಲ ಕಡೆ ನೋಡಿದರು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಭಾರವಾದ ಉಸಿರೊಂದನ್ನು ಬಿಟ್ಟು, ಪಾಠಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ, ಸೊಂಟ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು.

"ಸರಿ, ಹೇಳಿ. ಯಾರ ಮನೇಲಿ ಎಷ್ಟು ಇದ್ದಿರಬಹುದು?"

ಮೂವತ್ತೆಂಟು ಕೈಗಳು ಮೇಲೆದ್ದವು.